ಅಪ್‌ಡೇಟ್ ಆದ ಮೇಲೆ ಏಳದ ಹಳೇ ಡೆಸ್ಕ್‌ಟಾಪ್: ಶಿರಸಿ ಕಡೆಯ ಒಂದು ರಿಪೇರಿ

ಮಷೀನು ನನ್ನ ಸೋದರಮಾವನದ್ದು. ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ನಡುವಿನ ಮನೆ. 2012ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ3-2100, ಎಚ್61 ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಒಳಗೆ ಇದ್ದದ್ದು ತೋಟದ ಲೆಕ್ಕ, ಹಳೇ ಕ್ಯಾಸೆಟ್‌ಗಳಿಂದ ಇಳಿಸಿದ ಯಕ್ಷಗಾನ ಪ್ರಸಂಗಗಳು, ಮತ್ತು ಮಾವ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ರಾಶಿ ರಾಶಿ ಬರಹ. ಬ್ಯಾಕಪ್ ಇರಲಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿಯಿತು. ಅದೇ ವಾರ ಈ ಮಷೀನಿಗೆ ಅಪ್‌ಡೇಟ್ ಬಂತು. ಮಾವ ರಾತ್ರಿ 'ಅಪ್‌ಡೇಟ್ ಆ್ಯಂಡ್ ಶಟ್ ಡೌನ್' ಒತ್ತಿ ಮಲಗಿದರು. ಬೆಳಿಗ್ಗೆ ನೀಲಿ ಪರದೆ. "ತಮಾ, ವಿಂಡೋಸ್ ಟೆನ್ ಬಂದ್ ಆತಡ" ಅಂತ ಫೋನ್ ಬಂತು. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ ಫಾರ್ಮ್ಯಾಟ್ ಹೊಡೀಬೇಕು, ಇಲ್ಲ ಹೊಸದು ತಗೊಳ್ಳಿ ಅಂದರಂತೆ. ಸಪೋರ್ಟ್ ಮುಗಿಯೋದು ಅಂದರೆ ಹೊಸ ಭದ್ರತಾ ಅಪ್‌ಡೇಟ್ ಬರೋದು ನಿಲ್ಲುತ್ತದೆ ಅಂತ ಮಾತ್ರ. ಕಂಪ್ಯೂಟರ್ ಏನೂ ನಿಲ್ಲೋದಿಲ್ಲ. ಆದರೆ ಎರಡೂ ಒಂದೇ ವಾರ ಆದಾಗ ಯಾರಿಗಾದರೂ ಹಾಗೇ ಅನಿಸುತ್ತೆ, ಅಲ್ವಾ?

ಫಾರ್ಮ್ಯಾಟ್ ಬೇಡ, ಯಾರಿಗೂ ಕೊಡಬೇಡಿ, ದೊಡ್ಡ ಹಬ್ಬಕ್ಕೆ (ದೀಪಾವಳಿಗೆ) ಬಂದಾಗ ನೋಡ್ತೇನೆ ಅಂದೆ. ಕಾರಣ ಮುಖ್ಯವಾಗಿ ಆ ನುಡಿ ಫೈಲ್‌ಗಳು. ಅವು ಯಾವ ಕಂಪ್ಯೂಟರಿನಲ್ಲೂ ಕಾಣುವ ಯೂನಿಕೋಡ್ ಅಲ್ಲ, ಹಳೇ ನುಡಿ ಫಾಂಟಿನವು. ಫಾರ್ಮ್ಯಾಟ್ ಮಾಡುವವರು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡನ್ನು ಕಾಪಿ ಮಾಡಿಟ್ಟು ಎಲ್ಲ ಉಳಿಸಿದ್ದೇವೆ ಅನ್ನುತ್ತಾರೆ. ಮನೆಗೆ ತಂದು ಫೈಲ್ ತೆರೆದರೆ ಫಾಂಟ್ ಇರೋದಿಲ್ಲ, ಅಕ್ಷರದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಸಿ ಡ್ರೈವಿನ ಯಾವುದೋ ಮೂಲೆಯಲ್ಲಿ ಇಟ್ಟ ಪ್ರಸಂಗಗಳಂತೂ ಹೋದ ಹಾಗೇ.

ಹಂತ 1: ಮುಟ್ಟುವ ಮುಂಚೆ ಕೇಳಿದ್ದು

ಅವತ್ತು ರಾತ್ರಿ ಬೇರೆ ಏನಾಯಿತು ಅಂತ ಅತ್ತೆಯನ್ನೂ ಕೇಳಿದೆ. ಹಿಂಗಾರಿನ ಗುಡುಗು ಜೋರಿತ್ತು. ಮಷೀನು ಆಫ್ ಆದದ್ದು ನೋಡಿ ಅತ್ತೆ ಪ್ಲಗ್ ಕಿತ್ತಿಟ್ಟಿದ್ದರು. ಮಲೆನಾಡಿನಲ್ಲಿ ಸಿಡಿಲಿಗೆ ಎಲ್ಲರೂ ಮಾಡುವುದೇ, ಮಾಡಲೇಬೇಕಾದದ್ದೇ. ಹಾಗಾಗಿ ಆಗ ನಾನು ಅದಕ್ಕೆ ಜಾಸ್ತಿ ಗಮನ ಕೊಡಲಿಲ್ಲ. ಇಡೀ ರಿಪೇರಿಯ ಕೀಲಿ ಆ ಪ್ಲಗ್‌ನಲ್ಲೇ ಇತ್ತು.

ಪರದೆಯಲ್ಲಿ ಬರುತ್ತಿದ್ದದ್ದು ಇಷ್ಟು: ಬೋರ್ಡ್ ಕಂಪನಿಯ ಲೋಗೊ, ವಿಂಡೋಸ್ ಲೋಗೊ, ಚುಕ್ಕಿಗಳು ಎರಡು ಸುತ್ತು, ನೀಲಿ ಪರದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ಮತ್ತೆ ರೀಸ್ಟಾರ್ಟ್. ಸ್ವಲ್ಪ ಹೊತ್ತಿಗೆ 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್'. ಆ ಸಣ್ಣ ಅಕ್ಷರದ ಸಾಲನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ಎಲ್ಲಿ ನಿಂತಿತು ಅನ್ನೋದು ಅಲ್ಲೇ ಇರುತ್ತದೆ. ಲೋಗೊ ಕೂಡ ಬಾರದಿದ್ದರೆ ರ‍್ಯಾಮ್, ಪವರ್ ಸಪ್ಲೈ ಕಡೆ ನೋಡಬೇಕು. ಲೋಗೊ ಬಂದು 'ನೋ ಬೂಟೆಬಲ್ ಡಿವೈಸ್' ಅಂದರೆ ಡಿಸ್ಕ್, ಕೇಬಲ್ ಅಥವಾ ಬೂಟ್ ಆರ್ಡರ್ (ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಅನ್ನುವ ಕ್ರಮ). ಇಲ್ಲಿ ವಿಂಡೋಸ್ ಶುರುವಾಗಿತ್ತು. ಶುರುವಾದ ಮೇಲೆ ತನ್ನದೇ ಡಿಸ್ಕನ್ನು ತಾನೇ ಓದಲಾಗದೆ ನಿಂತಿತ್ತು.

ಹಂತ 2: ಕೆಲಸಕ್ಕೆ ಬಾರದ ಪ್ರಯತ್ನಗಳು

ಮೊದಲ ಸಂಜೆ ಪೂರ್ತಿ ಇದರಲ್ಲೇ ಹೋಯಿತು. ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಸ್ಟಾರ್ಟಪ್ ರಿಪೇರ್: ತುಂಬಾ ಹೊತ್ತು ತಿರುಗಿ, ಸರಿಪಡಿಸಲು ಆಗಲಿಲ್ಲ ಅಂತು.



ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್: ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಸಿಗುತ್ತದೆ. ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆಯಲು ಹೇಳಿದೆ. ಊಟ ಮುಗಿದರೂ ಅದು ಮುಗಿದಿರಲಿಲ್ಲ. ಮುಗಿದ ಮೇಲೂ ಅದೇ ಪರದೆ.

ಕಮಾಂಡ್ ಪ್ರಾಂಪ್ಟ್‌ನಿಂದ ಬೂಟ್‌ರೆಕ್, ಫಿಕ್ಸ್ ಎಂಬಿಆರ್, ಫಿಕ್ಸ್ ಬೂಟ್: ಎಲ್ಲವೂ ಯಶಸ್ವಿ ಅಂತ ಹೇಳಿದವು. ಫಲ ಏನೂ ಇಲ್ಲ. ವಿಂಡೋಸ್ ಲೋಗೊ ಬರುತ್ತಿದೆ ಅಂದ ಮೇಲೆ ಬೂಟ್ ಸೆಕ್ಟರ್, ಅಂದರೆ ವಿಂಡೋಸನ್ನು ಶುರುಮಾಡುವ ಡಿಸ್ಕಿನ ಭಾಗ, ಸರಿಯಾಗೇ ಇದೆ ಅಂತಲೇ ಅರ್ಥ. ಅದನ್ನು ರಿಪೇರಿ ಮಾಡುವ ಅಗತ್ಯವೇ ಇರಲಿಲ್ಲ.

ಅಪ್‌ಡೇಟ್ ತೆಗೆದ ಮೇಲೂ ತೊಂದರೆ ಉಳಿದರೆ ಅಲ್ಲಿ ನಿಂತು ಯೋಚಿಸಬೇಕು. ಅಪ್‌ಡೇಟ್ ಆದ ರಾತ್ರಿಯೇ ಕೆಟ್ಟಿತು ಅನ್ನೋದು ಒಂದು, ಅಪ್‌ಡೇಟ್ ಕೆಡಿಸಿತು ಅನ್ನೋದು ಇನ್ನೊಂದು. ಆ ರಾತ್ರಿ ಬೇರೆ ಏನೋ ಆಗಿದೆ.

ಸುಳಿವು ಸಿಕ್ಕಿದ್ದು ರಿಪೇರಿ ಲಾಗ್‌ನಲ್ಲಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿದರೆ ನೋಟ್‌ಪ್ಯಾಡ್ ತೆರೆಯುತ್ತದೆ. ಅದರಿಂದ ವಿಂಡೋಸ್, ಸಿಸ್ಟಂ32, ಲಾಗ್‌ಫೈಲ್ಸ್, ಎಸ್‌ಆರ್‌ಟಿ ಫೋಲ್ಡರಿಗೆ ಹೋಗಿ ಎಸ್‌ಆರ್‌ಟಿ ಟ್ರೇಲ್ ಫೈಲ್ ತೆರೆದೆ. ಒಂದು ಮಾತು: ಈ ರಿಕವರಿ ಪರದೆಯಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರುತ್ತವೆ. ನಮ್ಮ ಸಿ ಡ್ರೈವ್ ಅಲ್ಲಿ ಡಿ ಆಗಿತ್ತು. ಲಾಗ್‌ನ ಮೇಲುಗಡೆ ಇದ್ದ ತಾರೀಕು 2011ರ ಜನವರಿ 1.

2011! ಈ ಮಷೀನು ಹುಟ್ಟುವ ಮೊದಲಿನ ತಾರೀಕು. ಅಂದರೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಶುರುವಾಗುವ, ಬೋರ್ಡಿನದೇ ಪ್ರೋಗ್ರಾಂ) ಎಲ್ಲ ಮರೆತಿದೆ.

ಹಂತ 3: ಸಿಮಾಸ್ ಸೆಲ್

ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಸಿಆರ್2032 ಸೆಲ್ ಇರುತ್ತದೆ, ಇದನ್ನೇ ಸಿಮಾಸ್ ಸೆಲ್ ಅನ್ನೋದು. ಗಡಿಯಾರ ಓಡಿಸೋದು, ಬಯಾಸ್ ಸೆಟ್ಟಿಂಗ್ ಉಳಿಸೋದು ಅದರ ಕೆಲಸ. ಪ್ಲಗ್ ಹಾಕಿಯೇ ಇದ್ದರೆ, ಮಷೀನು ಆಫ್ ಇದ್ದರೂ ಪವರ್ ಸಪ್ಲೈನಿಂದ ಸ್ಟ್ಯಾಂಡ್‌ಬೈ ಕರೆಂಟ್ ಬೋರ್ಡಿಗೆ ಸಿಗುತ್ತಿರುತ್ತದೆ. ಆಗ ಸೆಲ್ ಸತ್ತಿದ್ದರೂ ಗೊತ್ತಾಗೋದಿಲ್ಲ. ಮಾವನ ಮನೆಯಲ್ಲಿ ಈ ಪ್ಲಗ್ ಇನ್ವರ್ಟರ್ ಲೈನಿನಲ್ಲಿದೆ, ಕರೆಂಟ್ ಹೋದರೂ ಬೋರ್ಡಿಗೆ ಪವರ್ ಇರುತ್ತದೆ. ಮೇ ತಿಂಗಳ ಗುಡುಗಿಗೂ ಪ್ಲಗ್ ಕಿತ್ತಿದ್ದರು, ಆಗ ಸೆಲ್‌ನಲ್ಲಿ ಜೀವ ಇತ್ತು, ಏನೂ ಆಗಲಿಲ್ಲ. ಆಮೇಲೆ ಮಳೆಗಾಲ ಪೂರ್ತಿ ಪ್ಲಗ್ ಹಾಕೇ ಇತ್ತು. ಅಕ್ಟೋಬರ್‌ನಲ್ಲಿ ಕಿತ್ತಾಗ ಹಿಡಿದಿಡಲು ಸೆಲ್‌ನಲ್ಲಿ ಏನೂ ಉಳಿದಿರಲಿಲ್ಲ.

ಸೆಟ್ಟಿಂಗ್ ಅಳಿಸಿಹೋದಾಗ ಬೋರ್ಡ್ ತನ್ನ ಡಿಫಾಲ್ಟ್‌ಗೆ ಹೋಗುತ್ತದೆ. ಈ ಬೋರ್ಡಿನ ಡಿಫಾಲ್ಟ್ ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ, ಐಡಿಇ ಅನ್ನುವ ಹಳೇದು. ವಿಂಡೋಸ್ ಹಾಕಿದ್ದು ಅದಕ್ಕಿಂತ ಹೊಸದಾದ ಎಎಚ್‌ಸಿಐ ಮೋಡ್‌ನಲ್ಲಿ. ಡಿಸ್ಕ್ ಜೊತೆ ಮಾತಾಡುವ ದಾರಿ ಬದಲಾಯಿತು, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಶುರುವಾಗುವಾಗ ಲೋಡ್ ಆಗಲಿಲ್ಲ, ನೀಲಿ ಪರದೆ ಬಂತು. ಬಯಾಸ್ ತನ್ನ ಮಟ್ಟಿಗೆ ಎಚ್ಚರಿಕೆ ಕೊಟ್ಟಿರಬೇಕು. ಆದರೆ ಫುಲ್ ಸ್ಕ್ರೀನ್ ಲೋಗೊ ಅದನ್ನು ಮುಚ್ಚಿಬಿಡುತ್ತದೆ. ಲೋಗೊ ಬಂದಾಗ ಟ್ಯಾಬ್ ಕೀ ಒತ್ತಿ ನೋಡಿದೆ. 'ಸಿಮಾಸ್ ಚೆಕ್‌ಸಮ್ ಬ್ಯಾಡ್' ಅಂತ ಸ್ಪಷ್ಟವಾಗಿ ಇತ್ತು, ಅಂದರೆ ಉಳಿಸಿಟ್ಟ ಸೆಟ್ಟಿಂಗ್ ಹಾಳಾಗಿದೆ ಅಂತ.

ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ ಬಿಚ್ಚಿದೆ. ಧೂಳು, ಜೇಡರ ಬಲೆ, ಪವರ್ ಸಪ್ಲೈ ಮೂಲೆಯಲ್ಲಿ ಇರುವೆಗಳ ಮಣ್ಣು. ಸೆಲ್ ತೆಗೆದು ಮಲ್ಟಿಮೀಟರ್ ಇಟ್ಟರೆ 1.7 ವೋಲ್ಟ್. ಹೊಸದು 3ಕ್ಕಿಂತ ಮೇಲೆ ಇರಬೇಕು. ಹೋಲ್ಡರಿನ ತಗಡಿಗೆ ಕಿಲುಬು ಹಿಡಿದಿತ್ತು, ನಮ್ಮ ಕಡೆಯ ಥಂಡಿಗೆ ಇದು ಮಾಮೂಲು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದೆ. ರ‍್ಯಾಮ್ ಕಡ್ಡಿಯನ್ನೂ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ವಾಪಸ್ ಕೂರಿಸಿದೆ.

ಸೆಲ್ ಶಿರಸಿ ಪೇಟೆಯಲ್ಲಿ 40 ರೂಪಾಯಿ. ಕಾರ್ಡ್ ಒಳಗೆ ಸೀಲ್ ಆಗಿರುವುದನ್ನೇ ತಗೊಳ್ಳಿ. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ಸೆಲ್‌ಗಳು ಒಂದಕ್ಕೊಂದು ತಾಗಿ ಅರ್ಧ ಖಾಲಿ ಆಗಿರುತ್ತವೆ. ನಾನು ತಂದದ್ದು 3.2 ವೋಲ್ಟ್ ತೋರಿಸಿತು.

ಬಯಾಸ್‌ಗೆ ಹೋಗಿ ತಾರೀಕು, ಸಮಯ ಸರಿ ಮಾಡಿದೆ. ಸಾಟಾ ಮೋಡ್ ಎಎಚ್‌ಸಿಐ ಮಾಡಿದೆ. ಬೂಟ್ ಆರ್ಡರ್‌ನಲ್ಲಿ ಹಾರ್ಡ್‌ಡಿಸ್ಕ್ ಮೊದಲಿಗೆ. ಫುಲ್ ಸ್ಕ್ರೀನ್ ಲೋಗೊ ಆಫ್, ಇನ್ನು ಮುಂದೆ ಎಚ್ಚರಿಕೆ ಬಂದರೆ ಕಣ್ಣಿಗೆ ಬೀಳಲಿ ಅಂತ. ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ಎದ್ದಿತು!

ಹಂತ 4: ಎದ್ದಿತು, ಆದರೆ ನಡೆಯಲಿಲ್ಲ

ಡೆಸ್ಕ್‌ಟಾಪ್ ಬರಲು ಯುಗವೇ ಹಿಡಿಯಿತು. ಫೋಲ್ಡರ್ ತೆರೆದರೆ ಪರದೆ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತಿತ್ತು. ಕಿವಿ ಹತ್ತಿರ ಇಟ್ಟರೆ ಡಿಸ್ಕ್ ಒಂದೇ ಜಾಗ ಮತ್ತೆ ಮತ್ತೆ ಓದುವ ಟಕ್ ಟಕ್ ಸದ್ದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೊ ಹಾಕಿ ನೋಡಿದೆ. ಹಳದಿ ಬಣ್ಣ, 'ಕಾಷನ್'. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟದ್ದಕ್ಕೆ ಡಿಸ್ಕ್ ಬದಲಿ ಜಾಗ ಕೊಟ್ಟ ತುಣುಕುಗಳು) ಇದ್ದವು, ಅದಕ್ಕಿಂತ ಕೆಟ್ಟದ್ದು ಅಂದರೆ ಕರೆಂಟ್ ಪೆಂಡಿಂಗ್ ಸೆಕ್ಟರ್ ಸೊನ್ನೆ ಇರಲಿಲ್ಲ. ಓದಲಾಗದೆ ಬಾಕಿ ಉಳಿದ ಜಾಗ ಅಂತ ಅರ್ಥ. ಅಪ್‌ಡೇಟ್ ತೆಗೆಯಲು ಅಷ್ಟು ಹೊತ್ತು ಹಿಡಿದದ್ದು ಯಾಕೆ ಅಂತ ಆಗ ಗೊತ್ತಾಯಿತು.

ಇಂಥ ಹೊತ್ತಲ್ಲಿ ಡಿಸ್ಕ್ ತಪಾಸಣೆ ಮಾಡಿ ಸರಿಪಡಿಸುವ ಚೆಕ್‌ಡಿಸ್ಕ್ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಬೇಡ. ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಗಂಟೆಗಟ್ಟಲೆ ಓಡಿದರೆ ಉಳಿದ ಜೀವವೂ ಅದಕ್ಕೇ ಖರ್ಚಾಗುತ್ತದೆ. ಮೇಲಾಗಿ ಅದು ಫೈಲ್ ಸಿಸ್ಟಂನಲ್ಲಿ ಬದಲಾವಣೆ ಬರೆಯುತ್ತದೆ. ಮೊದಲು ಪೂರ್ತಿ ಕಾಪಿ, ರಿಪೇರಿ ಏನಿದ್ದರೂ ಆ ಕಾಪಿಯ ಮೇಲೆ. ಮಷೀನು ಆಫ್ ಮಾಡಿದೆ.

ಹುಬ್ಬಳ್ಳಿಯಿಂದ ಬರುತ್ತಿದ್ದ ಭಾವನ ಕೈಯಲ್ಲಿ 500 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತರಿಸಿದೆ, 3,200 ರೂಪಾಯಿ. 480 ಜಿಬಿಯದು ಸ್ವಲ್ಪ ಅಗ್ಗ ಇತ್ತು. ಆದರೆ 500ರ ಡಿಸ್ಕನ್ನು ಇದ್ದಹಾಗೇ ಕಾಪಿ ಮಾಡಲು 480 ಸಾಲೋದಿಲ್ಲ.

ಹಂತ 5: ಡಿಸ್ಕ್ ಕಾಪಿ

ಈ ಭಾಗವನ್ನು ವಿವರವಾಗಿ ಬರೆಯುತ್ತೇನೆ. ಡೇಟಾ ಉಳಿಯುವುದೂ ಹೋಗುವುದೂ ಇಲ್ಲೇ.

ಬೇಕಾದದ್ದು: ಸಿಸ್ಟಂ ರೆಸ್ಕ್ಯೂ (ಪೆನ್‌ಡ್ರೈವ್‌ನಿಂದಲೇ ಶುರುವಾಗುವ ಲಿನಕ್ಸ್) ಬರೆದ ಒಂದು ಪೆನ್‌ಡ್ರೈವ್, ಇನ್ನೊಂದು ಖಾಲಿ ಪೆನ್‌ಡ್ರೈವ್, ಒಂದು ಸಾಟಾ ಕೇಬಲ್. ಪವರ್ ಸಪ್ಲೈನಲ್ಲಿ ಒಂದು ಸಾಟಾ ಪವರ್ ವೈರು ಹೆಚ್ಚಿಗೆ ಇತ್ತು. ಹಳೇ ಡಿಸ್ಕ್ ಮೇಲೆ ಕಾಗದದ ಟೇಪ್ ಅಂಟಿಸಿ 'ಹಳೇದು' ಅಂತ ಬರೆದು, ಅದರ ಸೀರಿಯಲ್ ನಂಬರಿನ ಫೋಟೊ ತೆಗೆದೆ.

ಸಿಸ್ಟಂ ರೆಸ್ಕ್ಯೂನಲ್ಲಿ ಡಿಡಿರೆಸ್ಕ್ಯೂ ಎಂಬ ಡಿಸ್ಕ್ ಕಾಪಿ ಮಾಡುವ ಪ್ರೋಗ್ರಾಂ ಇದೆ. ಸಾಮಾನ್ಯ ಕ್ಲೋನ್ ಸಾಫ್ಟ್‌ವೇರ್‌ಗಳು ಕೆಟ್ಟ ಸೆಕ್ಟರ್ ಸಿಕ್ಕಿದಲ್ಲಿ ಎರರ್ ಕೊಟ್ಟು ನಿಲ್ಲುವುದುಂಟು. ಇದು ಆ ಜಾಗ ಬಿಟ್ಟು ಮುಂದೆ ಹೋಗುತ್ತದೆ, ಓದಲು ಆಗುವುದನ್ನೆಲ್ಲ ಮೊದಲು ತೆಗೆಯುತ್ತದೆ, ಕಷ್ಟದ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಆಯಿತು ಅನ್ನೋದನ್ನು ಮ್ಯಾಪ್ ಫೈಲ್‌ನಲ್ಲಿ ಬರೆಯುತ್ತಾ ಹೋಗುತ್ತದೆ. ಆ ಮ್ಯಾಪ್ ಫೈಲ್‌ಗಾಗಿಯೇ ಎರಡನೇ ಪೆನ್‌ಡ್ರೈವ್. ಲೈವ್ ಸಿಸ್ಟಂ ರ‍್ಯಾಮ್‌ನಲ್ಲಿ ಓಡುತ್ತಿರುತ್ತದೆ, ಅಲ್ಲಿ ಇಟ್ಟ ಫೈಲ್ ಕರೆಂಟ್ ಹೋದರೆ ಮಾಯ.

ಶುರು ಮಾಡುವ ಮುಂಚೆ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಸೈಜ್, ಮಾಡೆಲ್, ಸೀರಿಯಲ್ ತೋರಿಸಲು ಹೇಳಿದೆ. ಹಳೇದು ಎಸ್‌ಡಿಎ, ಹೊಸದು ಎಸ್‌ಡಿಬಿ. ಎರಡೂ 500 ಜಿಬಿ, ಸೈಜ್ ನೋಡಿ ಗುರುತಿಸಲು ಆಗೋದಿಲ್ಲ. ಕಮಾಂಡ್‌ನಲ್ಲಿ ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. ತಿರುಗುಮುರುಗು ಆದರೆ ಖಾಲಿ ಎಸ್‌ಎಸ್‌ಡಿ ಬಂದು ಮಾವನ ಡಿಸ್ಕಿನ ಮೇಲೆ ಕೂರುತ್ತದೆ, ಮುಗಿಯಿತು. ಎಂಟರ್ ಒತ್ತುವ ಮುಂಚೆ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋಟೊದಲ್ಲಿದ್ದ ಸೀರಿಯಲ್ ನಂಬರ್ ಗಟ್ಟಿಯಾಗಿ ಓದಿಸಿದೆ.

ಮೊದಲ ಸುತ್ತು ಮೈನಸ್ ಎನ್ ಆಯ್ಕೆ ಹಾಕಿ, ಅಂದರೆ ಕಷ್ಟದ ಜಾಗಗಳನ್ನು ಸದ್ಯಕ್ಕೆ ಕೆರೆಯಬೇಡ ಅಂತ. ಶುರುವಿನಲ್ಲಿ ಸೆಕೆಂಡಿಗೆ 90 ಎಂಬಿ ವೇಗದಲ್ಲಿ ಓಡಿತು. ಅರ್ಧ ದಾಟಿದ ಮೇಲೆ ಕರೆಂಟ್ ಹೋಯಿತು. ಇನ್ವರ್ಟರ್ ಎಳೆಯಿತು, ಎಳೆಯಿತು, ಅದೂ ಕೈಕೊಟ್ಟಿತು. ಕರೆಂಟ್ ಬಂದದ್ದು ಮರುದಿನ ಬೆಳಿಗ್ಗೆ.

ವಾಪಸ್ ಬೂಟ್ ಮಾಡಿ ನೋಡಿದರೆ ಅಕ್ಷರಗಳು ಅದಲುಬದಲು ಆಗಿದ್ದವು. ಎಸ್‌ಎಸ್‌ಡಿ ಈಗ ಎಸ್‌ಡಿಎ, ಹಳೇ ಡಿಸ್ಕ್ ಎಸ್‌ಡಿಬಿ! ಲಿನಕ್ಸ್‌ನಲ್ಲಿ ಈ ಹೆಸರುಗಳು ಪ್ರತಿ ಬೂಟ್‌ನಲ್ಲೂ ಒಂದೇ ಇರುತ್ತವೆ ಅಂತ ಏನಿಲ್ಲ. ನಿನ್ನೆಯ ಕಮಾಂಡನ್ನೇ ಕಣ್ಣುಮುಚ್ಚಿ ಮತ್ತೆ ಹೊಡೆದಿದ್ದರೆ ಎಲ್ಲ ಹೋಗುತ್ತಿತ್ತು. ಸೀರಿಯಲ್ ಮತ್ತೆ ನೋಡಿ, ಹೆಸರು ತಿದ್ದಿ, ಅದೇ ಮ್ಯಾಪ್ ಫೈಲ್ ಕೊಟ್ಟೆ. ನಿಂತ ಜಾಗದಿಂದಲೇ ಮುಂದುವರಿಯಿತು.

ಎರಡನೇ ಸುತ್ತು ಮೈನಸ್ ಡಿ, ಅಂದರೆ ಡಿಸ್ಕಿನಿಂದ ನೇರವಾಗಿ ಓದು ಅಂತ, ಮೂರು ಸಲ ಮರುಪ್ರಯತ್ನ. ಇದು ಬಹಳ ನಿಧಾನ, ಒಂದೊಂದು ಸೆಕ್ಟರಿಗೂ ಡಿಸ್ಕ್ ಒದ್ದಾಡುತ್ತದೆ. ಕೊನೆಗೆ ಓದಲಾಗದೆ ಉಳಿದದ್ದು 44 ಕೆಬಿ. 500 ಜಿಬಿಯಲ್ಲಿ 44 ಕೆಬಿ ಅಂದಾಗ ನನಗೆ ನಿಜಕ್ಕೂ ಸಮಾಧಾನ ಆಯಿತು.

ಹಂತ 6: ಎಸ್‌ಎಸ್‌ಡಿಯಿಂದ ಬೂಟ್

ಹಳೇ ಡಿಸ್ಕಿನ ಕೇಬಲ್ ಕಿತ್ತ ಮೇಲೆಯೇ ಮೊದಲ ಬೂಟ್. ಎರಡೂ ಡಿಸ್ಕಿಗೆ ಈಗ ಒಂದೇ ಗುರುತು ಇರುತ್ತದೆ, ಒಟ್ಟಿಗೆ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಹಳೇ ಡಿಸ್ಕಿನ ಸಾಟಾ ಕೇಬಲ್ ಕ್ಲಿಪ್ಪು ಸಡಿಲ ಇತ್ತು, ಅದನ್ನು ಬಿಸಾಡಿ ಹೊಸ ಕೇಬಲನ್ನೇ ಉಳಿಸಿದೆ.

ವಿಂಡೋಸ್ ಎದ್ದಿತು, ಚುರುಕಾಗಿ. ಎಚ್61 ಬೋರ್ಡಿನಲ್ಲಿ ಇರೋದು 3 ಗಿಗಾಬಿಟ್ ಸಾಟಾ ಮಾತ್ರ. ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗೋದಿಲ್ಲ. ಆದರೂ ಹಳೇ ಡಿಸ್ಕಿಗೆ ಹೋಲಿಕೆಯೇ ಇಲ್ಲ. ಈಗ ಚೆಕ್‌ಡಿಸ್ಕ್, ಆಮೇಲೆ ಡಿಸ್ಮ್ ರಿಸ್ಟೋರ್ ಹೆಲ್ತ್, ಕೊನೆಗೆ ಎಸ್‌ಎಫ್‌ಸಿ ಸ್ಕ್ಯಾನ್ ನೌ, ಈ ಎರಡು ವಿಂಡೋಸ್ ಫೈಲ್ ಸರಿಪಡಿಸುವ ಕಮಾಂಡ್‌ಗಳು. ಕೆಟ್ಟ ಸಿಸ್ಟಂ ಫೈಲ್‌ಗಳು ಸಿಕ್ಕಿದವು, ಸರಿ ಮಾಡಿದ್ದೇನೆ ಅಂತು.

ಇಷ್ಟಾದ ಮೇಲೆ, ಮೊದಲು ತೆಗೆದಿದ್ದ ಅದೇ ಅಪ್‌ಡೇಟನ್ನು ಮತ್ತೆ ಹಾಕಿದೆ. ಏನೂ ತಕರಾರಿಲ್ಲದೆ ಹೋಯಿತು. ಎರಡು ಸಲ ರೀಸ್ಟಾರ್ಟ್ ಮಾಡಿ, ಪ್ಲಗ್ ಕಿತ್ತು, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ಹಾಕಿ ನೋಡಿದೆ. ಗಡಿಯಾರ ಸರಿ ಇತ್ತು, ಎಎಚ್‌ಸಿಐ ಹಾಗೇ ಇತ್ತು. ಈ ಪ್ಲಗ್ ಕೀಳುವ ಪರೀಕ್ಷೆ ಮಾಡದೆ ಇಂಥ ರಿಪೇರಿ ಮುಗಿಯಿತು ಅನ್ನಬೇಡಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿದೆ, ಶಟ್ ಡೌನ್ ಅಂದರೆ ನಿಜವಾಗಿ ಶಟ್ ಡೌನ್ ಆಗಲಿ.

ವಿಂಡೋಸ್ 10ಕ್ಕೆ ಮನೆ ಬಳಕೆದಾರರ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಇದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲೇ ಲಿಂಕ್ ಸಿಕ್ಕಿತು. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ, ದುಡ್ಡು ಕೊಡದೇ ಸೇರಿಸಿದೆ.

ನುಡಿ ಫೈಲ್ ತೆರೆದೆವು, ಅಕ್ಷರ ಇದ್ದ ಹಾಗೇ ಇತ್ತು. ಮಾವ ಪ್ರಸಂಗವೊಂದನ್ನು ಹಾಕಿ ಕೇಳುತ್ತಾ ಕೂತರು. ನಾನು ಅಷ್ಟರಲ್ಲಿ ಎಲ್ಲವನ್ನೂ ಹೊರಗಿನ ಡ್ರೈವಿಗೆ ಕಾಪಿ ಹಾಕಿದೆ.

ಜೊತೆಗೆ ಬಂದ ಲ್ಯಾಪ್‌ಟಾಪ್

ಸುದ್ದಿ ತಿಳಿದು ಕುಮಟಾದಿಂದ ಇನ್ನೊಬ್ಬ ಭಾವ ತನ್ನ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್ ತಂದಿಟ್ಟ. ಅದರಲ್ಲಿ ಲಿನಕ್ಸ್ ಮಿಂಟ್. ಅದು ಕೂಡ ಅಪ್‌ಡೇಟ್ ಆದ ಮೇಲೆ ನಿಂತದ್ದೇ, ಆದರೆ ಇಲ್ಲಿ ಕಾರಣವೂ ಅಪ್‌ಡೇಟ್ ದಾರಿಯಲ್ಲೇ ಇತ್ತು. ಕಪ್ಪು ಪರದೆ ಮೇಲೆ ಕರ್ನಲ್ (ಲಿನಕ್ಸ್‌ನ ಮೂಲ ಭಾಗ) ಪ್ಯಾನಿಕ್, 'ಅನ್‌ಏಬಲ್ ಟು ಮೌಂಟ್ ರೂಟ್ ಎಫ್‌ಎಸ್'. ಹಾಕುವಾಗ ಬೂಟ್‌ಗೆ ಬೇರೆ ಪಾರ್ಟಿಶನ್ ಮಾಡಿದ್ದರು, 500 ಎಂಬಿ. ಹಳೇ ಕರ್ನಲ್‌ಗಳು ತುಂಬಿ, ಹೊಸ ಕರ್ನಲ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ ಅನ್ನುವ, ಶುರುವಾಗುವಾಗ ಮೊದಲು ಬೇಕಾಗುವ ಫೈಲಿಗೆ ಜಾಗ ಸಾಲದೆ ಅದು ತಯಾರೇ ಆಗಿರಲಿಲ್ಲ.

ಆನ್ ಆಗುವಾಗ ಶಿಫ್ಟ್ ಒತ್ತಿಹಿಡಿದರೆ ಗ್ರಬ್ ಮೆನು, ಅಂದರೆ ಯಾವ ಕರ್ನಲ್‌ನಿಂದ ಶುರು ಮಾಡಬೇಕು ಅಂತ ಆರಿಸುವ ಪಟ್ಟಿ, ಬರುತ್ತದೆ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿದೆ, ಎದ್ದಿತು. ಅಪ್‌ಡೇಟ್ ಮ್ಯಾನೇಜರ್‌ನ ಕರ್ನಲ್ ಪಟ್ಟಿಯಿಂದ ಹಳೇವನ್ನು ತೆಗೆದು ಒಂದನ್ನು ಉಳಿಸಿದೆ. ಅಪ್‌ಡೇಟ್ ಇನಿಟ್‌ರ‍್ಯಾಮ್‌ಎಫ್‌ಎಸ್, ಆಮೇಲೆ ಅಪ್‌ಡೇಟ್ ಗ್ರಬ್ ಕಮಾಂಡ್ ಹೊಡೆದೆ. ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಇದಕ್ಕೆ ವಿಂಡೋಸ್ 11 ಹಾಕಬಹುದಾ ಅಂತ ಭಾವ ಕೇಳಿದ. ಬೇಡ. 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಅನ್ನುವ ಸೂಚನೆ ಪ್ರೊಸೆಸರ್‌ನಲ್ಲಿ ಇರಲೇಬೇಕು. ಕೋರ್ 2 ಡ್ಯುಯೊದಲ್ಲಿ ಅದು ಇಲ್ಲ. ಯಾವ ಅಡ್ಡದಾರಿ ಹಿಡಿದರೂ ಆ ಆವೃತ್ತಿ ಬೂಟ್ ಆಗೋದಿಲ್ಲ.

ಖರ್ಚು ಮತ್ತು ಬಾಕಿ

ಸೆಲ್ 40, ಎಸ್‌ಎಸ್‌ಡಿ 3,200, ಸಾಟಾ ಕೇಬಲ್ 80, ಆಲ್ಕೊಹಾಲ್ ಬಾಟಲಿ 120. ಒಟ್ಟು 3,440 ರೂಪಾಯಿ. ನೀಲಿ ಪರದೆ ಹೋಗಲು ಸಾಕಾದದ್ದು ಮೊದಲ 40 ಮಾತ್ರ. ಉಳಿದದ್ದು ಡಿಸ್ಕಿನ ಆಯುಷ್ಯ ಮುಗಿದಿದ್ದಕ್ಕೆ.

ಬಯಾಸ್‌ನ ಎಲ್ಲ ಪುಟಗಳ ಫೋಟೊ ಮಾವನ ಮೊಬೈಲ್‌ನಲ್ಲಿದೆ. ಒಂದು ಚೀಟಿಯಲ್ಲಿ 'ಸಾಟಾ ಮೋಡ್: ಎಎಚ್‌ಸಿಐ, ಸೆಲ್ ಹಾಕಿದ್ದು ಅಕ್ಟೋಬರ್ 2025' ಅಂತ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದ್ದೇನೆ. ಗಡಿಯಾರ ಹಿಂದೆ ಬಿದ್ದರೆ, ಅಥವಾ ಬ್ರೌಸರ್‌ನಲ್ಲಿ ಎಲ್ಲ ವೆಬ್‌ಸೈಟೂ ಸುರಕ್ಷಿತವಲ್ಲ ಅಂತ ತೋರಿಸಲು ಶುರುವಾದರೆ ತಕ್ಷಣ ಫೋನ್ ಮಾಡಿ ಅಂತ ಅತ್ತೆಗೆ ಹೇಳಿದ್ದೇನೆ. ಹಳೇ ಡಿಸ್ಕ್ ಒಂದು ವರ್ಷ ಹಾಗೇ ಕಪಾಟಿನಲ್ಲಿ ಇರುತ್ತದೆ. ಬಾಕಿ ಇರೋದು ಇನ್ವರ್ಟರ್ ಬ್ಯಾಟರಿ. ನೀರು ತಳ ಕಂಡಿತ್ತು, ಡಿಸ್ಟಿಲ್ಡ್ ವಾಟರ್ ತುಂಬಿದ್ದೇನೆ. ಚಾರ್ಜ್ ಹಿಡಿಯುತ್ತದಾ ಇಲ್ಲವಾ ಅನ್ನೋದನ್ನು ಮುಂದಿನ ಸಲ ಹೋದಾಗ ನೋಡಬೇಕು.